ಹಿಂದೆ ಬಿದ್ದವರನ್ನು ನೋಡುವವರು ಯಾರು?

ಬೋಟು ಓಡಿಸುವುದೆಂದರೆ ಮುಂದೆ ನೋಡುವ ಕೆಲಸ ಅಂತಲೇ ಅಂದುಕೊಂಡಿದ್ದೆ. ಕಾರವಾರದಲ್ಲಿ ಹುಟ್ಟಿ ಬೆಳೆದವರಿಗೆ ಬೋಟಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಸಣ್ಣ ಜಂಬವೂ ಇತ್ತು. ಫ್ಲೋರಿಡಾದ ಒಂದು ಕೆರೆಯಲ್ಲಿ, ಹೊಚ್ಚ ಹೊಸ ವಾಟರ್ ಸ್ಕೀ ಬೋಟಿನ ಸ್ಟೀರಿಂಗ್ ಹಿಂದೆ ಕೂತ ಮೊದಲ ಅರ್ಧ ಗಂಟೆಯಲ್ಲೇ ಆ ಜಂಬ ನೀರು ಪಾಲಾಯಿತು.

ಅಲ್ಲಿಗೆ ಹೋಗಿದ್ದು ಅಕ್ಕನ ಬಾಣಂತನಕ್ಕೆ. ಬಾಣಂತನ ಮಾಡಲು ಹೋದದ್ದು ಅಮ್ಮ, ಅವಳನ್ನು ವಿಮಾನ ಬದಲಿಸಿ ಬದಲಿಸಿ ತಲುಪಿಸುವ ಕೂಲಿ ನನ್ನದು. ಸ್ಟ್ರಿಂಗರ್‌ಗಳಿಗೆ ರಜೆ ಎಂಬುದಿಲ್ಲ. ಸುದ್ದಿ ಕಳಿಸದ ದಿನ ದುಡ್ಡಿಲ್ಲ, ಅಷ್ಟೇ. ಹಾಗಾಗಿ ಮೂರು ವಾರ ದುಡ್ಡಿಲ್ಲದ ಮನುಷ್ಯನಾಗಿ ಅಕ್ಕನ ಮನೆಯ ಹಿಂದಿನ ಜಗಲಿಯಲ್ಲಿ ಕೂತಿದ್ದೆ. ಭಾವನ ಪಕ್ಕದ ಮನೆಯಲ್ಲಿ ನಿವೃತ್ತ ಗಣಿತ ಮೇಷ್ಟ್ರು ಒಬ್ಬರಿದ್ದರು. ಆ ದೇಶದಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ಬಾಯಿ ಬರಲಿಲ್ಲ, ಮನಸ್ಸಿನಲ್ಲಿ ಮೇಷ್ಟ್ರು ಅಂತಲೇ ಇಟ್ಟುಕೊಂಡೆ. ಅವರೂ ಅವರ ಹೆಂಡತಿಯೂ ನಲವತ್ತು ವರ್ಷದಿಂದ ವಾಟರ್ ಸ್ಕೀಯಿಂಗ್ ಮಾಡುವವರು. ಎಂಟು ಮನೆಯವರು ಸೇರಿ ಒಂದು ಕೆರೆ ಇಟ್ಟುಕೊಂಡಿದ್ದಾರೆ, ಒಂದು ಬೋಟು ಇಟ್ಟುಕೊಂಡಿದ್ದಾರೆ. ಆ ವರ್ಷದ ಹೊಸ ಬೋಟು ಬಂದು ವಾರವಾಗಿತ್ತು. "ಸಮುದ್ರದ ಊರಿನವರಂತೆ, ಬನ್ನಿ ಓಡಿಸಿ ನೋಡಿ" ಅಂದರು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಫ್ಲೋರಿಡಾದ ಮಧ್ಯಭಾಗ ಈ ಆಟದ ತವರು ಮನೆಯಂತೆ. ವಿಂಟರ್ ಹೇವನ್ ಎಂಬಲ್ಲಿ ಡಿಕ್ ಪೋಪ್ ಎಂಬಾತ 1936ರಲ್ಲಿ ಸೈಪ್ರೆಸ್ ಗಾರ್ಡನ್ಸ್ ಎಂಬ ಉದ್ಯಾನ ತೆರೆದ. ಅಲ್ಲಿನ ವಾಟರ್ ಸ್ಕೀ ಪ್ರದರ್ಶನಗಳು ಲೋಕಪ್ರಸಿದ್ಧವಾದವು. ಈಗ ಅದೇ ಜಾಗದಲ್ಲಿ ಲೆಗೋಲ್ಯಾಂಡ್ ಇದೆ. ಓರ್ಲ್ಯಾಂಡೋದ ಕರೆಕ್ಟ್ ಕ್ರಾಫ್ಟ್ ಎಂಬ ಕಂಪನಿ 1961ರಿಂದ ಸ್ಕೀ ನಾಟಿಕ್ ಎಂಬ ಬೋಟು ಮಾಡುತ್ತಿದೆ. ಈ ಆಟಕ್ಕೆಂದೇ ಮಾಡಿದ ಬೋಟುಗಳಲ್ಲಿ ಬಹಳ ಹಳೆಯ ಹೆಸರು ಅದು. ಟೆನೆಸಿಯ ಮಾಸ್ಟರ್‌ಕ್ರಾಫ್ಟ್ 1968ರದ್ದು, ಆಮೇಲೆ ಮಾಲಿಬು ಬಂತು. ಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಮೂರು ಮನೆತನಗಳ ಬೋಟುಗಳೇ. ಬೆಲೆ ಕೇಳಬೇಡಿ. ಕೇಳಿದರೆ, ಒಂದು ಲಕ್ಷ ಡಾಲರ್ ದಾಟುತ್ತದೆ. ಕಂಪನಿಗಳು ಕೆಲವರಿಗೆ ಕಡಿಮೆ ದರಕ್ಕೆ ಹೊಸ ಬೋಟು ಕೊಟ್ಟು, ಅದನ್ನು ಸ್ಪರ್ಧೆಗಳಿಗೆ ಒದಗಿಸಬೇಕು, ವರ್ಷದೊಳಗೆ ಮಾರಿ ಮತ್ತೆ ಹೊಸದು ತೆಗೆದುಕೊಳ್ಳಬೇಕು ಎಂಬ ಏರ್ಪಾಡು ಮಾಡಿಕೊಂಡಿವೆ. ಮೇಷ್ಟ್ರ ಗುಂಪಿನ ಬೋಟೂ ಹಾಗೆ ಬಂದದ್ದು.

ನನಗಿಂತ ಚಿಕ್ಕವರಾರಾದರೂ ಕೇಳಿದರೆ ಬೋಟಿನ ವರ್ಣನೆ ಹೀಗೆ ಕೊಡುತ್ತೇನೆ: ಇಪ್ಪತ್ತು ಅಡಿ ಉದ್ದ, ತೂಕ ಒಂದೂವರೆ ಟನ್ನಿನ ಹತ್ತಿರ, ತಟ್ಟೆಯಂತೆ ಚಪ್ಪಟೆ. ಎಂಟು ಸಿಲಿಂಡರಿನ ಎಂಜಿನ್ ಹಿಂಭಾಗದಲ್ಲಿಲ್ಲ, ಹೊಟ್ಟೆಯ ನಟ್ಟನಡುವೆ ಪೆಟ್ಟಿಗೆಯೊಳಗೆ ಕೂತಿದೆ. ನಮ್ಮ ಮೀನುಗಾರರು ಫ್ಯಾನು ಅನ್ನುವ ಪ್ರೊಪೆಲ್ಲರ್ ಬೋಟಿನ ಅಡಿಯಲ್ಲಿ, ಅದರ ಹಿಂದೆ ಚುಕ್ಕಾಣಿ. ಎಂಜಿನ್ ಪೆಟ್ಟಿಗೆಯ ಮುಂದೆ ಒಂದು ಗೂಟ. ಸ್ಕೀ ಮಾಡುವವರ ಹಗ್ಗ ಕಟ್ಟುವುದು ಅದಕ್ಕೆ. ಹಗ್ಗ ಹಿಂದಿನ ಅಂಚಿಗಲ್ಲ, ನಡುವಿಗೇ ಕಟ್ಟಿರುವುದರಿಂದ ಅವರು ಎಡಕ್ಕೂ ಬಲಕ್ಕೂ ಎಳೆದರೂ ಬೋಟಿನ ಹಿಂಭಾಗ ಅಷ್ಟಾಗಿ ಅಲ್ಲಾಡದು. ಇಡೀ ಬೋಟಿನ ಆಕಾರ ಇರುವುದೇ ಹಿಂದೆ ಏಳುವ ಅಲೆ ಆದಷ್ಟು ಚಿಕ್ಕದಿರಲಿ ಎಂದು. ಅಬ್ಬರವಿಲ್ಲದೆ ಹೋಗುವುದೇ ಇದರ ಹೆಚ್ಚುಗಾರಿಕೆ.

ಕಾರು ಓಡಿಸುವವರು ಇದರಲ್ಲಿ ಕೂತರೆ ಮೊದಲು ಕಂಗಾಲಾಗುವುದು ದಡ ಬಿಡುವಾಗ. ಬ್ರೇಕ್ ಇಲ್ಲ. ಗೇರ್ ಹಾಕದೆ ಸ್ಟೀರಿಂಗ್ ತಿರುಗಿಸಿದರೆ ಏನೂ ಆಗುವುದಿಲ್ಲ, ಪ್ರೊಪೆಲ್ಲರ್ ನೀರನ್ನು ಚುಕ್ಕಾಣಿಯ ಮೇಲೆ ತಳ್ಳಿದರೆ ಮಾತ್ರ ಅದು ಮಾತು ಕೇಳುತ್ತದೆ. ರಿವರ್ಸ್ ಹಾಕಿದರಂತೂ ಚುಕ್ಕಾಣಿ ಲೆಕ್ಕಕ್ಕಿಲ್ಲ, ಬೋಟಿನ ಬಾಲ ತನಗೆ ಬೇಕಾದ ಒಂದೇ ಕಡೆಗೆ ಸರಿಯುತ್ತದೆ. ನಮ್ಮಲ್ಲಿ ಹಠಮಾರಿ ಎಮ್ಮೆಯನ್ನು ಹಿಂದಕ್ಕೆ ಸರಿಸುವುದು ಗೊತ್ತಲ್ಲ, ಹಾಗೆ. ಹೊಸ ಬೋಟಿನಲ್ಲಿ ಎಷ್ಟು ಪರದೆಗಳಿದ್ದರೂ ಈ ವಿಷಯದಲ್ಲಿ ಅದು ಅರವತ್ತು ವರ್ಷ ಹಳೆಯ ಬೋಟೇ.

ಇನ್ನು ಆಟ. ನೀರಿನಲ್ಲಿ ತೇಲುಗುಂಡುಗಳನ್ನು ನೆಟ್ಟ ಒಂದು ಓಣಿ. ಈ ತುದಿಯಿಂದ ಆ ತುದಿಗೆ 259 ಮೀಟರ್. ಬೋಟು ಹೋಗಬೇಕಾದ ನಡು ಓಣಿ 2.3 ಮೀಟರ್ ಅಗಲ, ಬೋಟಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಸ್ಕೀ ಮಾಡುವವರು ಸುತ್ತಬೇಕಾದ ಆರು ಗುಂಡುಗಳು ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ, ಎಡಕ್ಕೊಂದು ಬಲಕ್ಕೊಂದು. ಹಗ್ಗ ಶುರುವಿಗೆ 18.25 ಮೀಟರ್. ಆರೂ ಗುಂಡು ಸುತ್ತಿದರೆ ವೇಗ ಹೆಚ್ಚಿಸುತ್ತಾರೆ. ವೇಗದ ಮಿತಿ ಮುಟ್ಟಿದ ಮೇಲೆ ಹಗ್ಗ ಕಡಿಮೆ ಮಾಡುತ್ತಾ ಹೋಗುತ್ತಾರೆ: 16, 14.25, 13, 12, 11.25. ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಗುಂಡಿರುವುದು 11.5 ಮೀಟರ್ ದೂರ, ಹಗ್ಗ 11.25. ಹಗ್ಗ ಗುಂಡನ್ನು ಮುಟ್ಟುವುದೇ ಇಲ್ಲ. ಆಳು ಒಂದು ಕೈಯಲ್ಲಿ ಹಿಡಿದು ಮೈಯನ್ನೇ ನೀರಿನ ಮೇಲೆ ಚಾಚಿ ಸ್ಕೀಯನ್ನು ಗುಂಡಿನಾಚೆ ಕಳಿಸಬೇಕು. ಘಟಾನುಘಟಿಗಳು ಅದಕ್ಕಿಂತ ಚಿಕ್ಕ ಹಗ್ಗದಲ್ಲೂ ಇದನ್ನು ಮಾಡುತ್ತಾರೆ, ಗಂಟೆಗೆ 58 ಕಿಲೋಮೀಟರ್ ವೇಗದಲ್ಲಿ, ಹದಿನಾರು ಸೆಕೆಂಡಿನೊಳಗೆ ಆರು ತಿರುವು.

ಆ ಬೆಳಿಗ್ಗೆ ನನ್ನ ಹಿಂದೆ ಹಗ್ಗ ಹಿಡಿದವರು ಮೇಷ್ಟ್ರ ಹೆಂಡತಿ. ಅರವತ್ತೈದು ದಾಟಿದ ಹೆಂಗಸು. ನಮ್ಮ ಕಡೆ ಆ ವಯಸ್ಸಿನವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಅವರು ಒಂಟಿ ಸ್ಕೀ ಕಟ್ಟಿಕೊಂಡು ನೀರಿಗೆ ಜಿಗಿದರು. ಈ ಕೆರೆಯಲ್ಲಿ ಮೊಸಳೆ ಜಾತಿಯ ಅಲಿಗೇಟರ್ ಇಲ್ಲವೇ ಎಂದು ಕೇಳಿದ್ದಕ್ಕೆ "ಒಂದು ಚಿಕ್ಕದಿದೆ" ಅಂದರು, ಮನೆಯ ಬೆಕ್ಕಿನ ಬಗ್ಗೆ ಹೇಳುವಂತೆ.

ಅವರ ವೇಗ ಗಂಟೆಗೆ 49 ಕಿಲೋಮೀಟರ್. ಈ ಬೋಟುಗಳಲ್ಲಿ ಈಗ ವೇಗ ಹಿಡಿದಿಡುವುದು ಉಪಗ್ರಹದ ಲೆಕ್ಕ ನೋಡುವ ಯಂತ್ರ. ಜೀರೋ ಆಫ್ ಎಂದು ಅದರ ಹೆಸರು. ಆದರೆ ಮೇಷ್ಟ್ರು ಮೊದಲ ಸಲ ಅದನ್ನು ಬಂದ್ ಮಾಡಿ "ಕೈಯಲ್ಲೇ ಓಡಿಸಿ" ಅಂದರು. ಹಿಂದಿನಿಂದ "ಹಿಟ್ ಇಟ್!" ಎಂಬ ಕೂಗು ಬಂತು. ಎಳೆ ಅಂತ ಅದರರ್ಥ. ಥ್ರಾಟಲ್ ತಳ್ಳಿದೆ, ಅವರು ನೀರಿನಿಂದ ಎದ್ದರು, ಓಣಿಗೆ ಬಂದೆವು. ಆಮೇಲಿನ ಹತ್ತೊಂಬತ್ತು ಸೆಕೆಂಡು ನನಗೆ ಹತ್ತೊಂಬತ್ತು ನಿಮಿಷ. ಅವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೊಯ್ದಾಗಲೆಲ್ಲ ಬೋಟು ಜಗ್ಗಿ ನಿಧಾನವಾಗುತ್ತದೆ, ನಾನು ಒತ್ತುತ್ತೇನೆ, ಅಷ್ಟರಲ್ಲಿ ಅವರು ತಿರುವಿನಲ್ಲಿ ಹಗುರಾಗಿರುತ್ತಾರೆ, ಬೋಟು ಮುನ್ನುಗ್ಗುತ್ತದೆ. ನಾಲ್ಕನೇ ಗುಂಡಿಗೆ ಹಗ್ಗ ಬಿಟ್ಟರು. ಮೇಷ್ಟ್ರು ನಕ್ಕು, ಹಿಂದಿನ ಕಾಲದ ಚಾಲಕರು ಇದನ್ನು ಸ್ಟಾಪ್‌ವಾಚ್ ಹಿಡಿದು ಕೈಯಲ್ಲೇ ಮಾಡುತ್ತಿದ್ದರು ಅಂದರು.

ಎರಡನೇ ಸಲ ಯಂತ್ರ ಹಾಕಿದರು. ಅದರಲ್ಲಿ ಎ, ಬಿ, ಸಿ ಎಂದು ಮೂರು ಅಕ್ಷರ, 1, 2, 3 ಎಂದು ಮೂರು ಅಂಕಿ. ಎಳೆತಕ್ಕೆ ಎಂಜಿನ್ ಎಷ್ಟು ಬೇಗ ಉತ್ತರ ಕೊಡಬೇಕು ಎಂಬುದಕ್ಕೆ ಅಕ್ಷರ, ಎಷ್ಟು ಬಿರುಸಾಗಿ ಎಂಬುದಕ್ಕೆ ಅಂಕಿ. ಪ್ರತಿಯೊಬ್ಬರೂ ತಮ್ಮದನ್ನು ಹೇಳುತ್ತಾರೆ, ನಾವು ಹೋಟೆಲಿನಲ್ಲಿ ಚಹಾಕ್ಕೆ ಸಕ್ಕರೆ ಎಷ್ಟು ಅಂತ ಹೇಳುವಂತೆ. ಈಗ ನನ್ನ ಕಾಲು, ಕೈಗೆ ವೇಗದ ಕೆಲಸವೇ ಇಲ್ಲ. ಅವರು ಎಳೆದಾಗಲೆಲ್ಲ ಎಂಜಿನ್ನಿನ ದನಿ ತಾನಾಗಿ ಉಬ್ಬಿ, ಮತ್ತೆ ಇಳಿಯುತ್ತದೆ. ಕಣ್ಣು ಮುಚ್ಚಿದರೂ ಆರು ಉಸಿರು ಎಣಿಸಬಹುದು.

ಯಂತ್ರ ಬಂದು ಚಾಲಕನ ಕಲೆ ಹೋಯಿತು ಎಂದು ಗೊಣಗುವವರು ಅಲ್ಲೂ ಇದ್ದಾರಂತೆ. ನಾನು ಒಪ್ಪುವುದಿಲ್ಲ. ದೊಡ್ಡ ಊರಿನ ಸ್ಪರ್ಧೆಯ ಒಳ್ಳೆಯ ಚಾಲಕನಿಂದಲೂ ಸಣ್ಣ ಊರಿನ ಸಾಧಾರಣ ಚಾಲಕನಿಂದಲೂ ಒಂದೇ ಎಳೆತ ಸಿಗುವುದಾದರೆ ಲಾಭ ಸಣ್ಣ ಊರಿನ ಹುಡುಗಿಗೇ. ಜಿಲ್ಲೆಯಲ್ಲಿ ಕೂತು ರಾಜಧಾನಿಯವರ ಜೊತೆ ಸ್ಪರ್ಧಿಸುವ ನಮ್ಮಂಥವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಯಂತ್ರಕ್ಕೆ ಕೊಟ್ಟದ್ದು ವೇಗ ಮಾತ್ರ. ದಾರಿ ಇನ್ನೂ ಮನುಷ್ಯರ ಕೈಯಲ್ಲೇ ಇದೆ. ಎಡಕ್ಕೆ ಅಂಗೈಯಗಲ ಸರಿದರೆ ಒಂದು ಕಡೆಯ ಗುಂಡು ಹತ್ತಿರ, ಇನ್ನೊಂದು ಕಡೆಯದು ದೂರ. ಇತ್ತೀಚೆಗೆ ದೊಡ್ಡ ಸ್ಪರ್ಧೆಗಳಲ್ಲಿ ಬೋಟು ನಡುಗೆರೆಯಿಂದ ಎಷ್ಟು ಸರಿಯಿತು ಎಂದು ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ.

ಈ ಆಟದ ಚರಿತ್ರೆಯಲ್ಲೇ ಒಂದು ಕಥೆ ಇದೆ. 1922ರ ಬೇಸಿಗೆಯಲ್ಲಿ ಮಿನೆಸೋಟದ ಲೇಕ್ ಸಿಟಿ ಎಂಬ ಪುಟ್ಟ ಊರಿನ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಲೇಕ್ ಪೆಪಿನ್ ಎಂಬ ಸರೋವರದ ಮೇಲೆ ಎರಡು ಹಲಗೆ ಕಟ್ಟಿಕೊಂಡು ನಿಂತ. ಹತ್ತೊಂಬತ್ತು ತುಂಬಲು ಒಂದು ದಿನ ಬಾಕಿ ಇತ್ತು. ಬೋಟು ಓಡಿಸಿದ್ದು ಅವನ ಅಣ್ಣ ಬೆನ್. ರಾಲ್ಫ್ ಪೇಟೆಂಟ್ ಮಾಡಿಸಲಿಲ್ಲ, ಊರಿನಾಚೆ ಯಾರಿಗೂ ಗೊತ್ತಾಗಲಿಲ್ಲ. 1925ರಲ್ಲಿ ನ್ಯೂಯಾರ್ಕ್ ಕಡೆಯ ಫ್ರೆಡ್ ವಾಲರ್ ಪೇಟೆಂಟ್ ಪಡೆದ, ಹೆಸರೂ ಪಡೆದ. ನಲವತ್ತು ವರ್ಷದ ಮೇಲೆ, 1960ರ ದಶಕದಲ್ಲಿ, ಸೇಂಟ್ ಪಾಲ್‌ನ ದಿನಪತ್ರಿಕೆಯ ವರದಿಗಾರ್ತಿಯೊಬ್ಬಳು ರಜೆಗೆಂದು ಲೇಕ್ ಸಿಟಿಗೆ ಬಂದಾಗ ಗೋಡೆಗೆ ತೂಗುಹಾಕಿದ್ದ ಹಳೆಯ ಹಲಗೆಗಳನ್ನು ನೋಡಿ, ಕೇಳಿ, ಬರೆದಳು. 1966ರಲ್ಲಿ ಅಮೆರಿಕದ ವಾಟರ್ ಸ್ಕೀ ಸಂಘ ರಾಲ್ಫ್‌ನೇ ಮೊದಲಿಗ ಎಂದು ಒಪ್ಪಿಕೊಂಡಿತು. ರಜೆಯಲ್ಲೂ ಗೋಡೆ ನೋಡುವ ಚಟ ಇದ್ದವರಿಗೆ ಸಿಗುವ ಸುದ್ದಿ ಇದು, ನಮ್ಮ ಕ್ಲಾಸಿನಲ್ಲಿ ಪಾಠ ಮಾಡಬೇಕಾದದ್ದು. ಆದರೆ ಅಣ್ಣ ಬೆನ್ ಬಗ್ಗೆ ಒಂದು ಸಾಲಿಗಿಂತ ಹೆಚ್ಚು ಎಲ್ಲಿಯೂ ನನಗೆ ಸಿಗಲಿಲ್ಲ. ಬೋಟು ಓಡಿಸಿದವರ ಕಥೆ ಅಷ್ಟೇ. ಸುದ್ದಿಯ ಕೆಳಗೆ "ನಮ್ಮ ವಾರ್ತಾಹರರಿಂದ" ಎಂದು ಹಾಕಿಸಿಕೊಂಡವರಿಗೆ ಬೆನ್ ಮೇಲೆ ಸ್ವಲ್ಪ ಪ್ರೀತಿ ಹೆಚ್ಚು.

ಈಗ ನಾನು ಹೇಳಲು ಹೊರಟ ವಿಷಯಕ್ಕೆ ಬರುತ್ತೇನೆ. ಮೂರನೇ ಸಲ ಅವರು ಐದನೇ ಗುಂಡಿನ ಬಳಿ ಬಿದ್ದರು. ಜೋರಾಗಿಯೇ ಬಿದ್ದರು. ಬೋಟಿನ ಎಡ ಸೀಟಿನಲ್ಲಿ ಹಿಂದೆ ಮುಖ ಮಾಡಿ ಕೂತಿದ್ದ ಮೇಷ್ಟ್ರು "ಡೌನ್" ಅಂದರು. ನಾನು ಥ್ರಾಟಲ್ ಎಳೆದು, ಗಾಬರಿಯಲ್ಲಿ ಸಿಕ್ಕ ಕಡೆಗೆ ತಿರುಗಿಸಿ, ಬೇಗ ತಲುಪಬೇಕೆಂದು ಅವರ ಕಡೆ ಬಿಟ್ಟೆ. ಚಾಲಕ ಕೂರುವುದು ಬಲಗಡೆ. ನೀರಲ್ಲಿ ಬಿದ್ದವರನ್ನು ಯಾವಾಗಲೂ ತನ್ನ ಬಲಕ್ಕೆ, ತನ್ನ ಕಣ್ಣೆದುರಿಗೆ ಇಟ್ಟುಕೊಂಡೇ ಹತ್ತಿರ ಹೋಗಬೇಕು. ಇದನ್ನು ಬೆಳಿಗ್ಗೆ ಎರಡು ಸಲ ಹೇಳಿದ್ದರು. ನಾನು ಎಡಕ್ಕೆ ಬಿಟ್ಟುಕೊಂಡಿದ್ದೆ. ಬೋಟಿನ ಮೂತಿ ಅವರನ್ನು ಮುಚ್ಚಿಬಿಟ್ಟಿತು. ಎಲ್ಲಿದ್ದಾರೆ ಎಂದು ಎದ್ದು ನೋಡುವಷ್ಟರಲ್ಲಿ ಎಂಜಿನ್ ಪಟ್ಟನೆ ನಿಂತಿತು. ನನ್ನ ಸೊಂಟದಿಂದ ಎಂಜಿನ್ನಿನ ಸ್ವಿಚ್ಚಿಗೆ ಒಂದು ಕೆಂಪು ಸುರುಳಿ ದಾರ ಕಟ್ಟಿದ್ದರು, ಚಾಲಕ ಬಿದ್ದರೆ ಎಂಜಿನ್ ನಿಲ್ಲಲೆಂದು. ಮೇಷ್ಟ್ರು ಕೈ ಚಾಚಿ ಅದನ್ನು ಕಿತ್ತಿದ್ದರು. ಬೋಟು ತನ್ನ ಓಟದಲ್ಲಿ ಸದ್ದಿಲ್ಲದೆ ಜಾರಿ ಅವರಿಂದ ಎರಡು ಮಾರು ದೂರದಲ್ಲಿ ಹಾದುಹೋಯಿತು. ಅವರು ಎರಡೂ ಕೈ ತಲೆಯ ಮೇಲೆ ಎತ್ತಿ ಜೋಡಿಸಿದ್ದರು. ನನಗೇನೂ ಆಗಿಲ್ಲ ಎಂಬುದಕ್ಕೆ ಸನ್ನೆ ಅದು. ನಾನದನ್ನು ನಮಸ್ಕಾರ ಎಂದೇ ತಿಳಿದೆ.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಮೇಷ್ಟ್ರು ಹೇಳಿದ್ದು ಇಷ್ಟೇ: ಬಿದ್ದವರ ಕಡೆ ಅವಸರದಲ್ಲಿ ಹೋಗುವ ಬೋಟೇ ಅವರಿಗೆ ಬಿದ್ದದ್ದಕ್ಕಿಂತ ಅಪಾಯ. ಅವರು ಹತ್ತುವಾಗ ಎಂಜಿನ್ ಬಂದ್ ಇರಬೇಕು, ನ್ಯೂಟ್ರಲ್ ಸಾಲದು.

ಫ್ಲೋರಿಡಾದಲ್ಲಿ 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ನಿನ ಬೋಟು ಓಡಿಸಬೇಕಾದರೆ ಒಂದು ಪಾಠ ಮುಗಿಸಿ ಕಾರ್ಡ್ ಪಡೆಯಬೇಕು. ನಾನು 1989ರವನು. ಖಾಸಗಿ ಕೆರೆಗೆ ಅದು ಬೇಕಿಲ್ಲ, ಆದರೂ ಮೇಷ್ಟ್ರು ಹಿಂದಿನ ರಾತ್ರಿ ಆ ಪುಸ್ತಕ ಕೊಟ್ಟು ಓದಿಸಿದ್ದರು. ಸ್ಕೀ ಮಾಡುವವರು ಲೈಫ್ ಜಾಕೆಟ್ ಹಾಕಲೇಬೇಕು, ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೆ ಎಳೆಯುವಂತಿಲ್ಲ, ಬೋಟಿನಲ್ಲಿ ಹಿಂದೆ ನೋಡುವ ಒಬ್ಬರು ಇರಬೇಕು ಅಥವಾ ಅಗಲ ಕನ್ನಡಿ ಇರಬೇಕು. ಆ ಕೆಂಪು ದಾರ 26 ಅಡಿಗಿಂತ ಚಿಕ್ಕ ಬೋಟುಗಳ ಚಾಲಕರಿಗೆ 2021ರ ಏಪ್ರಿಲ್‌ನಿಂದ ಅಲ್ಲಿನ ಕೇಂದ್ರ ಕಾನೂನಿನಂತೆ ಕಡ್ಡಾಯ. ಕನ್ನಡಿ ಇದ್ದರೆ ಸಾಕು ಎಂಬುದು ನನಗೆ ಸರಿ ಕಾಣಲಿಲ್ಲ. ನನ್ನ ಬೋಟಿನಲ್ಲೂ ಬಹಳ ಒಳ್ಳೆಯ ಕನ್ನಡಿ ಇತ್ತು, ಆ ಕ್ಷಣದಲ್ಲಿ ಅದರಲ್ಲಿ ಕಂಡದ್ದು ಆಕಾಶ ಮಾತ್ರ.

ಅಮೆರಿಕದವರು ಎಲ್ಲದರಲ್ಲೂ ಸರಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಗಂಟೆಗೆ ಹದಿನೈದು ಇಪ್ಪತ್ತು ಲೀಟರ್ ಪೆಟ್ರೋಲ್ ಕುಡಿದು, ಹೋದ ದಾರಿಯಲ್ಲೇ ತಿರುಗಿ ಬರುವ ಆಟ ಇದು. ಎಂಟು ಮನೆಗೆ ಒಂದು ಕೆರೆ ಎಂಬುದೂ ನುಂಗಲಾರದ ತುತ್ತೇ. ಆದರೆ ಮೋಜಿಗೆ ಓಡಿಸುವ ಬೋಟಿನಲ್ಲಿ ಬೀಳುವವರಿಗಾಗಿ ಒಂದು ಸೀಟು ಇಟ್ಟಿದ್ದಾರೆ. ನಮ್ಮಲ್ಲಿ ಹೊಟ್ಟೆಪಾಡಿಗೆ ಓಡಿಸುವ ಬೋಟಿನಲ್ಲಿ ಆ ಸೀಟಿಗೂ ಟಿಕೆಟ್ ಹರಿಯುತ್ತೇವೆ.

2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. ಆ ರಾತ್ರಿ ನಾನೂ ಆಸ್ಪತ್ರೆಯ ಬಾಗಿಲಲ್ಲಿದ್ದೆ. ಎಣಿಕೆ ಕಳಿಸುವುದು, ಸಂಖ್ಯೆ ಬದಲಾದಾಗ ಮತ್ತೆ ಕಳಿಸುವುದು. ಆಮೇಲಿನ ತಿಂಗಳುಗಳಲ್ಲಿ ನಾವೆಲ್ಲ ಬರೆದದ್ದು ಲೈಫ್ ಜಾಕೆಟ್ ಬಗ್ಗೆ. ನಾನೇ ನಾಲ್ಕು ಸಲ ಬರೆದಿದ್ದೇನೆ. ಜಾಕೆಟ್ ಬಂತು, ಕೆಲವು ಕಡೆ. ಬೋಟು ಓಡಿಸುವವರಿಗೆ ಯಾರು ಏನು ಕಲಿಸಿದ್ದಾರೆ, ಯಾರಾದರೂ ಬಿದ್ದರೆ ಯಾವ ಬದಿಯಿಂದ ಹತ್ತಿರ ಹೋಗಬೇಕೆಂದು ಅವರಿಗೆ ಹೇಳಿದವರಿದ್ದಾರೆಯೇ, ಹಿಂದೆ ನೋಡಲು ಯಾರಿದ್ದಾರೆ ಎಂದು ನಾನು ಒಂದು ಸಾಲೂ ಬರೆದಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ. 1917ರ ಹಳೆಯ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ನೋಂದಣಿ, ತಪಾಸಣೆ, ಓಡಿಸುವವರ ಅರ್ಹತಾ ಪತ್ರ ಎಲ್ಲವೂ ಅದರಲ್ಲಿದೆ. ವಾಪಸು ಬಂದ ಮೇಲೆ ಒಂದು ಕಚೇರಿಗೆ ಹೋಗಿ ನದಿಯ ಪ್ರವಾಸಿ ಬೋಟುಗಳಲ್ಲಿ ಎಷ್ಟು ಚಾಲಕರಿಗೆ ಆ ಪತ್ರ ಇದೆ ಎಂದು ಕೇಳಿದೆ. ಅರ್ಜಿ ಕೊಡಿ ಅಂದರು. ಕೊಟ್ಟಿದ್ದೇನೆ. ಅದು ಯಾವ ಕಚೇರಿಗೆ ಸೇರಿದ ವಿಷಯ ಎಂಬುದರ ಮೇಲೆ ಈಗ ಟಿಪ್ಪಣಿ ನಡೆಯುತ್ತಿದೆ.

ಕಾಯ್ದೆಯ ಕಾಗದಕ್ಕೆ ಕಾಯುವ ಬದಲು ಇಲ್ಲೇ ಆಗಬಹುದಾದ ಎರಡು ಕೆಲಸ ಇವೆ ಎಂದು ನನ್ನ ವಾದ. ಪ್ರವಾಸಿಗರನ್ನು ಕೂರಿಸಿಕೊಳ್ಳುವ ಪ್ರತಿ ಎಂಜಿನ್ ಬೋಟಿನಲ್ಲೂ ಓಡಿಸುವವರನ್ನು ಬಿಟ್ಟು ಇನ್ನೊಬ್ಬರು ಇರಬೇಕು. ಅವರ ಕೆಲಸ ಜನರನ್ನು ಮತ್ತು ನೀರನ್ನು ನೋಡುವುದು, ಫೋಟೋ ತೆಗೆದುಕೊಡುವುದಲ್ಲ. ಮತ್ತೆ ಆ ದಾರ. ಬೀಚುಗಳ ಬಾಡಿಗೆ ಜೆಟ್‌ಸ್ಕೀಗಳಲ್ಲಿ ಅದು ಕಂಪನಿಯಿಂದಲೇ ಬರುತ್ತದೆ, ಹ್ಯಾಂಡಲ್ಲಿಗೆ ಸುತ್ತಿಟ್ಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೈಗೆ ಕಟ್ಟಿಕೊಳ್ಳಲು ಖರ್ಚೇನೂ ಇಲ್ಲ.

ಇದನ್ನೆಲ್ಲ ಕಳೆದ ವಾರ ಕಾಳಿ ನದಿಯ ದಡದಲ್ಲಿ ಒಬ್ಬ ಬೋಟಿನವರಿಗೆ ಹೇಳಿದೆ. ನನಗಿಂತ ಹತ್ತು ವರ್ಷ ದೊಡ್ಡವರು, ಪರಿಚಯದವರು. ಅಜ್ಜಿ ಸ್ಕೀ ಮಾಡಿದ್ದು, ಅಲಿಗೇಟರ್, ನಾನು ತಪ್ಪು ಬದಿಗೆ ಹೋದದ್ದು, ಎಲ್ಲ ಕೇಳಿದರು. ಬಲಕ್ಕೆ ಇಟ್ಟುಕೊಂಡು ಹೋಗಬೇಕು ಎಂಬುದಕ್ಕೆ ತಲೆಯಾಡಿಸಿ, ತಮ್ಮ ಬೋಟಿನಲ್ಲಿ ತಾವು ಹಿಂದೆ ನಿಂತು ಓಡಿಸುವುದರಿಂದ ಎರಡೂ ಬದಿ ಕಾಣುತ್ತದೆ, ಮೂತಿಯ ಕೆಳಗೆ ಮಾತ್ರ ಕಾಣುವುದಿಲ್ಲ ಅಂದರು. ಅದು ನಿಜವೇ. ಆಮೇಲೆ ಬೀಡಿ ಹಚ್ಚಿ ಸ್ವಲ್ಪ ಹೊತ್ತು ನೀರು ನೋಡಿದರು.

"ಅಲ್ಲ ಮಾರಾಯಾ, ಬೀಳುವವರನ್ನು ನೋಡೂಕೆ ಅಂತ್ಲೇ ಒಬ್ಬ ಕೂತ್ಕಂಡಿರ್ತಾನೆ ಅಂತಿಯಲ್ಲ, ಅವನಿಗೆ ದಿನಗೂಲಿ ಯಾರು ಕೊಡ್ತಾರೆ?"